ಹತ್ತನೆಯ ಪಿನ್ ಒಂದನ್ನೇ ಉರುಳಿಸುವ ಅಭ್ಯಾಸ

ಟೆನ್‌ಪಿನ್ ಬೌಲಿಂಗ್‌ನಲ್ಲಿ ಒಂದೂ ಸ್ಟ್ರೈಕ್ (ಮೊದಲ ಎಸೆತಕ್ಕೇ ಹತ್ತೂ ಪಿನ್ ಉರುಳುವುದು) ಬೀಳದಿದ್ದರೂ, ಪ್ರತಿ ಫ್ರೇಮಿನ, ಅಂದರೆ ಎರಡು ಎಸೆತಗಳ ಸುತ್ತಿನ, ಮೊದಲ ಎಸೆತಕ್ಕೆ 9 ಪಿನ್ ಉರುಳಿಸಿ, ಉಳಿದ ಒಂದನ್ನು ಎರಡನೆಯದರಲ್ಲಿ ತೆಗೆದು, ಕೊನೆಯ ಹೆಚ್ಚುವರಿ ಎಸೆತಕ್ಕೂ 9 ಪಡೆದರೆ ಒಟ್ಟು 190 ಅಂಕವಾಗುತ್ತದೆ. ಆ ಒಂದೊಂದು ಪಿನ್ ಪ್ರತಿ ಸಲವೂ ತಪ್ಪಿದರೆ ಸಿಗುವುದು 90 ಮಾತ್ರ. ಸ್ಪೇರ್ (ಉಳಿದ ಪಿನ್ನುಗಳನ್ನು ಎರಡನೆಯ ಎಸೆತಕ್ಕೆ ತೆಗೆಯುವುದು) ಅಭ್ಯಾಸವನ್ನು ನಾನು ಸ್ಟ್ರೈಕಿಗಿಂತ ಮುಖ್ಯವೆಂದು ಪರಿಗಣಿಸುವುದು ಈ ಲೆಕ್ಕದಿಂದಾಗಿ.

ಬಲಗೈಯಲ್ಲಿ ಆಡುವ ನನಗೆ ಬಲಮೂಲೆಯ 10ನೆಯ ಪಿನ್ ಅತ್ಯಂತ ಕಷ್ಟದ್ದು. ಬೆಂಗಳೂರಿನಲ್ಲಿ ನಾನು ಆಡುವ ಕಡೆ ಯಂತ್ರವು ಹತ್ತೂ ಪಿನ್‌ಗಳನ್ನು ಒಟ್ಟಿಗೇ ನಿಲ್ಲಿಸುವುದರಿಂದ, ಮೂಲೆಯ ಪಿನ್ ಒಂದನ್ನೇ ಇರಿಸಿಕೊಂಡು ಅಭ್ಯಾಸ ಮಾಡಲು ಅವಕಾಶವಿಲ್ಲ. ಆದ್ದರಿಂದ ಆಟಗಾರರು ‘ಲೋ ಬಾಲ್’ ಎನ್ನುವ ವಿಧಾನವನ್ನು ಆರಿಸಿಕೊಂಡೆ. ಇದರಲ್ಲಿ ಕಡಿಮೆ ಪಿನ್ ಉರುಳಿಸಿದಷ್ಟೂ ಒಳ್ಳೆಯದು. ಮೊದಲ ಎಸೆತಕ್ಕೆ 10ನೆಯದನ್ನು ಮಾತ್ರ, ಎರಡನೆಯದಕ್ಕೆ ಎಡಮೂಲೆಯ 7ನೆಯದನ್ನು ಮಾತ್ರ ತೆಗೆಯಬೇಕು. ಚೆಂಡು ಲೇನಿನ ಪಕ್ಕದ ಕಾಲುವೆಯಾದ ಗಟರಿಗೆ ಬಿದ್ದರೆ ನನ್ನ ಕಾಗದದಲ್ಲಿ 10 ಅಂಕದ ದಂಡ ಬರೆದುಕೊಳ್ಳುತ್ತೇನೆ. ಹತ್ತು ಫ್ರೇಮಿಗೆ 20 ಅಂಕ ಬಂದರೆ ಅದೇ ಪರಿಪೂರ್ಣ ಆಟ.

ಈ ಅಭ್ಯಾಸದ ಬಿಗಿ ಅಳತೆಯಲ್ಲಿ ಕಾಣುತ್ತದೆ. ಒಂಟಿ 10ನೆಯ ಪಿನ್ ಉಳಿದಾಗ, ಚೆಂಡಿನ ಮತ್ತು ಪಿನ್ನಿನ ದಪ್ಪ ಸೇರಿ ನಮಗೆ ಸುಮಾರು 9 ಇಂಚಿನ ಅವಕಾಶವಿರುತ್ತದೆ. ಎಲ್ಲ ಪಿನ್‌ಗಳೂ ನಿಂತಿರುವಾಗ 10ನೆಯದರ ಮುಂದೆ ಎಡಕ್ಕಿರುವ 6ನೆಯದನ್ನು ಮುಟ್ಟದೆ ಸಾಗಬೇಕಾದ ಚೆಂಡಿಗೆ ಗಟರಿನ ಅಂಚಿನಲ್ಲಿ ಉಳಿಯುವುದು ಸುಮಾರು 2 ಇಂಚು. ಪರದೆಯ ಮೇಲೆ 2 ಅಥವಾ 3 ಮೂಡಿದರೆ ಚೆಂಡು ಎಷ್ಟು ಒಳಗೆ ಬಂತೆಂಬುದು ಕೂಡಲೇ ತಿಳಿಯುತ್ತದೆ.

ಲೇನಿಗೆ ಹಚ್ಚಿರುವ ಎಣ್ಣೆಯ ಮೇಲೂ ಒಣ ಭಾಗದಲ್ಲೂ ಹೆಚ್ಚು ತಿರುಗದ ಪ್ಲಾಸ್ಟಿಕ್ ಚೆಂಡನ್ನೇ ಬಳಸುತ್ತೇನೆ. ಬಾಡಿಗೆ ಚೆಂಡುಗಳು ಬಹುಪಾಲು ಇಂಥವೇ ಆದ್ದರಿಂದ ಹೊಸಬರು ಬೇರೆ ಖರೀದಿಸಬೇಕಿಲ್ಲ. ಎಡಕ್ಕೆ ಸರಿದು ನಿಂತು, ಮಣಿಕಟ್ಟನ್ನು ತಿರುಗಿಸದೆ, ಲೇನಿನ ಮೇಲೆ ಗುರಿಗಾಗಿ ಗುರುತಿಸಿರುವ ಬಾಣಗಳಲ್ಲಿ ನಡುವಿನದರ (ನಡುಬಾಣದ) ಮೇಲೆ ಓರೆಯಾಗಿ ಎಸೆಯುತ್ತೇನೆ.

ಇದು ಕೈಗೆ ಹತ್ತಿದ ಮೇಲೆ ಅದೇ ಬಾಣವನ್ನು ಗುರಿಯಾಗಿಟ್ಟುಕೊಂಡು 6ನೆಯ ಪಿನ್ನಿಗೆ ಹೋಗುವುದು ಸುಲಭ. ನಡುಬಾಣ ಫೌಲ್ ಲೈನಿನಿಂದ (ಎಸೆಯುವಾಗ ದಾಟಬಾರದ ಗೆರೆಯಿಂದ) ಸುಮಾರು 15 ಅಡಿ, ಪಿನ್‌ಗಳು 60 ಅಡಿ ದೂರದಲ್ಲಿರುವುದರಿಂದ, ಪಾದವನ್ನು ಬಲಕ್ಕೆ ಒಂದು ಬೋರ್ಡ್ (ಲೇನಿನ ಉದ್ದಕ್ಕೂ ಇರುವ, ಸುಮಾರು ಒಂದು ಇಂಚು ಅಗಲದ ಪಟ್ಟಿ) ಸರಿಸಿದರೆ ಚೆಂಡು ಅಲ್ಲಿ ಎಡಕ್ಕೆ ಸುಮಾರು ಮೂರು ಬೋರ್ಡ್ ಸರಿಯುತ್ತದೆ. 6ನೆಯ ಪಿನ್ 10ನೆಯದಕ್ಕಿಂತ 6 ಇಂಚು ಎಡಕ್ಕಿದೆ. ಅದಕ್ಕೆ ಎರಡು ಬೋರ್ಡ್ ಸರಿದರೆ ಸಾಕಾಗುತ್ತದೆ.