ಚಳಿಗಾಲದ ಕ್ರೋಕಸ್: ನೆಡುವುದು ಹೇಗೆ, ಕಾಡಿನಲ್ಲಿ ಗುರುತಿಸುವುದು ಹೇಗೆ

ಪಾಯಸಕ್ಕೆ ಹಾಕುವ ಕೇಸರಿ ಎಳೆ ಕ್ರೋಕಸ್ ಸಟೈವಸ್ ಹೂವಿನ ಶಲಾಕೆಯ, ಅಂದರೆ ಹೂವಿನ ಹೆಣ್ಣುಭಾಗದ ಕಡ್ಡಿಯ, ತುದಿ. ಕಾಶ್ಮೀರದ ಪಾಂಪೋರಿನಲ್ಲಿ ಅದರ ಸುಗ್ಗಿ ನವೆಂಬರಿಗೆ ಮುಗಿಯುತ್ತದೆ. ಅದೇ ಕುಲದ ಬೇರೆ ಕೆಲವು ಗಿಡಗಳು ಹೂಬಿಡಲು ಶುರುಮಾಡುವುದೇ ಆಗ. ಗ್ರೀಸ್, ಇಟಲಿ, ಬಾಲ್ಕನ್ ಸೀಮೆಯ ಈ ಗಿಡಗಳು ಬ್ರಿಟನ್ನಿನಂಥ ಕಡೆ ಮನೆ ಅಂಗಳದಲ್ಲೂ ನವೆಂಬರಿನಿಂದ ಫೆಬ್ರವರಿಯವರೆಗೆ ಸರದಿಯಂತೆ ಅರಳುತ್ತವೆ. ಬೆಳೆಸುವವರು ಸಾಮಾನ್ಯವಾಗಿ ಎಡವುವುದು ಚಳಿಯ ವಿಷಯದಲ್ಲಲ್ಲ, ಬೇಸಿಗೆಯ ವಿಷಯದಲ್ಲಿ.

ಗೆಡ್ಡೆಯ ಸ್ವಭಾವ ಗೊತ್ತಿದ್ದರೆ ಕಾರಣ ತಾನಾಗಿ ತಿಳಿಯುತ್ತದೆ. ಕ್ರೋಕಸ್ ಗೆಡ್ಡೆ ಈರುಳ್ಳಿಯಂತೆ ಪದರಪದರವಾಗಿರುವುದಿಲ್ಲ. ಕೊಯ್ದು ನೋಡಿದರೆ ಸುವರ್ಣಗೆಡ್ಡೆಯ ಹಾಗೆ ಒಂದೇ ಗಟ್ಟಿ ತಿರುಳು, ಮೇಲೆ ಒಣ ಸಿಪ್ಪೆ. ಸುವರ್ಣಗೆಡ್ಡೆಯಂತೆಯೇ ಹಳೆಯದು ಪ್ರತಿವರ್ಷ ಕರಗಿ, ಅದರ ನೆತ್ತಿಯ ಮೇಲೆ ಹೊಸದು ಕೂರುತ್ತದೆ. ಈ ಹೊಸ ಗೆಡ್ಡೆ ತುಂಬಿಕೊಳ್ಳುವುದು ಹೂ ಬಿದ್ದ ಮೇಲೆ, ಎಲೆ ಹಸಿರಾಗಿರುವ ಎಂಟು ಹತ್ತು ವಾರಗಳಲ್ಲಿ. ಎಲೆ ಒಣಗಿದ ಮೇಲೆ ಬೆಚ್ಚಗೆ, ಒಣಗಿ ಮಲಗಿರುವಾಗ ಒಳಗೆ ಮುಂದಿನ ಹೂವಿನ ಮೊಗ್ಗು ಕಟ್ಟುತ್ತದೆ. ಎಲೆಯನ್ನು ಬೇಗ ಕತ್ತರಿಸಿದರೆ ಗೆಡ್ಡೆ ಸಣಕಲಾಗುತ್ತದೆ, ಬೇಸಿಗೆಯಲ್ಲಿ ನೀರು ನಿಂತರೆ ಕೊಳೆಯುತ್ತದೆ.

ಯಾವುದನ್ನು ಆರಿಸುವುದು

ಮೊದಲ ಸಲ ನೆಡುವವರಿಗೆ ಕ್ರೋಕಸ್ ತೊಮ್ಮಾಸಿನಿಯಾನಸ್. ತೋಟದವರ ಬಾಯಲ್ಲಿ ಬರೀ ‘ಟಾಮಿ’. ಟ್ರಿಯೆಸ್ಟಿನ ಸಸ್ಯಶಾಸ್ತ್ರಜ್ಞ ಮುಜಿಯೊ ತೊಮ್ಮಾಸಿನಿಯ ಹೆಸರು ಹೊತ್ತ ಈ ಗಿಡ ಡಾಲ್ಮೇಷಿಯಾ, ಸರ್ಬಿಯಾ ಕಡೆಯ ಕಾಡುಗಳದ್ದು. ಮರದ ನೆರಳಿನಲ್ಲಿ ಬೆಳೆದ ಗಿಡವಾದ್ದರಿಂದ ಬೇಸಿಗೆಯ ತುಸು ತೇವವನ್ನೂ ತಡೆದುಕೊಳ್ಳುತ್ತದೆ. ಹೂ ಮುಚ್ಚಿದ್ದಾಗ ಬೂದಿಬೆಳ್ಳಿ ಬಣ್ಣದ ಕಡ್ಡಿ, ಬಿಸಿಲಿಗೆ ಅರಳಿದಾಗ ಒಳಗೆಲ್ಲ ತಿಳಿನೇರಳೆ.

ಕ್ರೋಕಸ್ ಲೇವಿಗಾಟಸ್ ದಕ್ಷಿಣ ಗ್ರೀಸ್ ಮತ್ತು ಕ್ರೀಟಿನದು. ಬಿಳಿ ಅಥವಾ ತಿಳಿನೇರಳೆ ಎಸಳು, ಹೊರಮೈಯಲ್ಲಿ ಕಡುನೇರಳೆ ಗೆರೆ, ಗಂಟಲು ಹಳದಿ, ಜೇನಿನಂಥ ಪರಿಮಳ. ‘ಫಾಂಟನೇಯಿ’ ಎಂಬ ರೂಪ ಡಿಸೆಂಬರಿನ ಆಸುಪಾಸಿಗೆ ಹೂಬಿಡುವುದರಿಂದ ಅದನ್ನೇ ಕೇಳಿ ತರುವುದು ಒಳ್ಳೆಯದು. ಇಟಲಿಯ ನೇಪಲ್ಸ್ ಸುತ್ತಿನ ಕ್ರೋಕಸ್ ಇಂಪೆರಾಟಿ ಜನವರಿಯಿಂದ ಶುರು. ಮೊಗ್ಗಿನ ಹೊರಮೈ ಒಣಹುಲ್ಲಿನ ಬಣ್ಣಕ್ಕಿದ್ದು ನೇರಳೆ ಗರಿ ಬರೆದಂತಿರುತ್ತದೆ, ಅರಳಿದರೆ ಒಳಗೆ ಬೇರೆಯೇ ಹೂವೇನೋ ಎನಿಸುವಷ್ಟು ನೇರಳೆ. ಈ ಎರಡೂ ಕುಂಡಕ್ಕೆ ಅಥವಾ ಗೋಡೆ ಬುಡದ ಒಣ ಪಾತಿಗೆ ಸರಿ. ಲಾನಿನಲ್ಲಿ ನೆಟ್ಟು ಕಳೆದುಕೊಳ್ಳಬೇಡಿ.

ನೆಡುವುದು

ಗೆಡ್ಡೆ ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿ, ಗಾತ್ರಕ್ಕೆ ತಕ್ಕ ಭಾರವಿರಬೇಕು. ಸುತ್ತಳತೆ 5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಮೊದಲ ವರ್ಷ ಬರೀ ಎಲೆ ಬರಬಹುದು. ಸಿಪ್ಪೆಯ ಮೇಲೆ ನೀಲಿಹಸಿರು ಬೂಷ್ಟಿದ್ದು ಒಳಗೆ ಗಟ್ಟಿಯಾಗಿದ್ದರೆ ಒರೆಸಿ ನೆಡಬಹುದು. ಒತ್ತಿದಲ್ಲಿ ತಗ್ಗು ಬಿದ್ದರೆ ಎಸೆಯಿರಿ. ಟಾಮಿಯ ಗೆಡ್ಡೆ ಚಿಕ್ಕದು, ಸಿಪ್ಪೆ ತೆಳು, ಬೇಗ ಒಣಗುತ್ತದೆ. ಸೆಪ್ಟೆಂಬರಿನಲ್ಲಿ ಕೈಗೆ ಬಂದ ವಾರದೊಳಗೆ ಮಣ್ಣು ಸೇರಬೇಕು.

ನೆಲದಲ್ಲಾದರೆ ಆಳ 8ರಿಂದ 10 ಸೆಂ.ಮೀ., ಗೆಡ್ಡೆಗೂ ಗೆಡ್ಡೆಗೂ 7–8 ಸೆಂ.ಮೀ. ಅಂತರ. ಆಳ ಸಾಲದೆ ನೆಟ್ಟರೆ ಗೆಡ್ಡೆ ಹತ್ತಾರು ಮರಿಗಳಾಗಿ ಒಡೆದು, ಹುಲ್ಲಿನಂತೆ ಎಲೆ ಬರುತ್ತದೆ, ಹೂವಿರುವುದಿಲ್ಲ. ಲಾನಿನಲ್ಲಿ ನೆಡಲು ಹುಲ್ಲುಹಾಸನ್ನು ಸಲಿಕೆಯಿಂದ ಮೂರು ಬದಿ ಕೊಯ್ದು ಪುಸ್ತಕದ ರಟ್ಟಿನ ಹಾಗೆ ಮಗುಚಿ. ಕೆಳಗಿನ ಮಣ್ಣು ಸಡಿಲಿಸಿ ಗೆಡ್ಡೆ ಕೂರಿಸಿ, ಮತ್ತೆ ಹೊದಿಸಿ ಕಾಲಿಂದ ಒತ್ತಿ. ಹೂ ಮುಗಿದ ಮೇಲೆ ಕನಿಷ್ಠ ಆರು ವಾರ ಅಲ್ಲಿ ಹುಲ್ಲು ಕೊಯ್ಯುವ ಯಂತ್ರ ಓಡಿಸಬಾರದು. ಎಲೆ ಹಳದಿಯಾಗುವುದನ್ನು ಕಣ್ಣಾರೆ ಕಂಡೇ ಕೊಯ್ಯಿರಿ.

ಕುಂಡಕ್ಕೆ 20 ಸೆಂ.ಮೀ. ಅಗಲದ ಮಣ್ಣಿನ ಕುಂಡ, ಏಳೆಂಟು ಗೆಡ್ಡೆ. ತೋಟದ ಮಣ್ಣು ಎರಡು ಪಾಲು, 3–5 ಮಿ.ಮೀ. ಗರಸು ಎರಡು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು. ಹಸಿ ಸಗಣಿಗೊಬ್ಬರ ಬೇಡ, ಕೊಳೆರೋಗ ಬರುತ್ತದೆ. ಸೆಪ್ಟೆಂಬರಿನಲ್ಲಿ ಒಮ್ಮೆ ತಳದ ತೂತಿನಿಂದ ನೀರು ಹರಿಯುವಷ್ಟು ಹಾಕಿ, ಆಮೇಲೆ ಮೇಲ್ಮೈ ಒಣಗಿದಾಗ ಮಾತ್ರ. ಎಲೆ ಬಂದಮೇಲೆ ಹದಿನೈದು ದಿನಕ್ಕೊಮ್ಮೆ ಟೊಮೆಟೊ ಗಿಡಕ್ಕೆ ಹಾಕುವ ದ್ರವ ಗೊಬ್ಬರ, ಹೇಳಿದ ಪ್ರಮಾಣದ ಅರ್ಧ. ಸಾರಜನಕ ಹೆಚ್ಚಿರುವ ಗೊಬ್ಬರ ಎಲೆಯನ್ನಷ್ಟೇ ಕೊಬ್ಬಿಸುತ್ತದೆ. ಮೇ ತಿಂಗಳಲ್ಲಿ ಎಲೆ ಹಳದಿಗೆ ತಿರುಗಿದಾಗ ನೀರು ಪೂರ್ತಿ ನಿಲ್ಲಿಸಿ ಮಳೆ ತಾಗದ ಕಡೆ ಎತ್ತಿಡಿ. ಜುಲೈ–ಆಗಸ್ಟಿನಲ್ಲಿ ಸುರುವಿ, ಹಳೆಯ ಸಿಪ್ಪೆ ತೆಗೆದು ಹೊಸ ಮಣ್ಣಿಗೆ ಹಾಕಿ.

ಕೆಡುವುದು ಎಲ್ಲಿ

ಇಲಿ, ಅಳಿಲು ಮೊದಲ ಶತ್ರುಗಳು. ಅವು ಹುಡುಕುವುದು ಹೊಸದಾಗಿ ಕೆದಕಿದ ಮಣ್ಣನ್ನು, ಬಿದ್ದ ಸಿಪ್ಪೆಯ ವಾಸನೆಯನ್ನು. ಆದ್ದರಿಂದ ನೆಟ್ಟಮೇಲೆ ಸಿಪ್ಪೆ ಚೂರು ಆರಿಸಿ, ಮಣ್ಣು ಗಟ್ಟಿಯಾಗಿ ಒತ್ತಿ, 12 ಮಿ.ಮೀ. ಕಣ್ಣಿನ ತಂತಿಬಲೆ ಹಾಸಿ ಅಂಚಿಗೆ ಕಲ್ಲಿಡಿ. ಎಲೆ ಬಲೆಯ ಕಣ್ಣಿನಲ್ಲೇ ಮೇಲೆ ಬರುತ್ತದೆ. ಹಳದಿ ಹೂಗಳನ್ನು ಗುಬ್ಬಿಗಳು ಕುಕ್ಕಿ ಹರಿಯುತ್ತವೆ. ಲಂಡನ್ನಿನ ಎನ್‌ಫೀಲ್ಡಿನಲ್ಲಿ ಕ್ರೋಕಸ್ ಸಾಕಿದ ಇ. ಎ. ಬೋಲ್ಸ್ (1865–1954) ತಮ್ಮ ಕ್ರೋಕಸ್ ಕ್ರೈಸಾಂತಸ್ ಜಾತಿಯ ತಳಿಗಳಿಗೆ ‘ಸ್ನೋ ಬಂಟಿಂಗ್’ ಎಂಬಂಥ ಹಕ್ಕಿಗಳ ಹೆಸರಿಟ್ಟಿದ್ದರು. ಹಕ್ಕಿಗಳು ಆ ಗೌರವಕ್ಕೆ ಸೊಪ್ಪು ಹಾಕಿಲ್ಲ.

ಹೂವಿನ ಮೇಲೆ ಕಡುಬಣ್ಣದ ಒಡೆದ ಕಲೆ, ಸೊಟ್ಟ ಎಸಳು ಕಂಡರೆ ಅದು ವೈರಸ್. ಮದ್ದಿಲ್ಲ, ಗೆಡ್ಡೆ ಸಮೇತ ಕಿತ್ತು ಸುಡಿ. ಕುಂಡದ ಹೂ ಮಾರುದ್ದ ಬೆಳೆದು ಅಡ್ಡ ಬಿದ್ದರೆ ಬೆಳಕು ಸಾಲದು, ಇಲ್ಲವೇ ಜಾಗ ಬೆಚ್ಚಗಾಯಿತು ಎಂದರ್ಥ. ಅದಕ್ಕೆ ಕೋಲು ಕಟ್ಟಲು ಹೋಗಬೇಡಿ: ಕಾಂಡದಂತೆ ಕಾಣುವುದು ಕಾಂಡವಲ್ಲ, ಎಸಳುಗಳೇ ಕೂಡಿದ ಕೊಳವೆ. ಅಂಡಾಶಯ ನೆಲದೊಳಗೆ ಇರುತ್ತದೆ. ಬೀಜಕೋಶ ಮೇಲೆ ಕಾಣುವುದು ಮೇ–ಜೂನಿನಲ್ಲಿ, ನೆಲಮಟ್ಟಕ್ಕೆ ಎದ್ದು ಬಂದಾಗ. ಅದು ಬಿರಿಯುವ ಮುಂಚೆ ಬೀಜ ತೆಗೆದು ಶರತ್ಕಾಲದಲ್ಲಿ ಬಿತ್ತಿದರೆ ಮೂರು ನಾಲ್ಕು ವರ್ಷಕ್ಕೆ ಹೂ.

ಬೆಂಗಳೂರಿನಂಥ ಊರಲ್ಲಿ ನೋಡುವ ಆಸೆಯಿದ್ದರೆ ಒಂದು ದಾರಿಯಿದೆ. ಟಾಮಿಯ ಗೆಡ್ಡೆ ನೆಟ್ಟ ಚಿಕ್ಕ ಕುಂಡವನ್ನು ಫ್ರಿಜ್ಜಿನಲ್ಲಿ, 4–9 ಡಿಗ್ರಿಯಲ್ಲಿ, 12ರಿಂದ 15 ವಾರ ಇಡಬೇಕು. ಮಣ್ಣು ಸದಾ ತುಸು ತೇವವಾಗಿರಲಿ. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇರಬಾರದು. ಹಣ್ಣು ಬಿಡುವ ಎಥಿಲೀನ್ ಮೊಗ್ಗನ್ನು ಒಳಗೇ ಸಾಯಿಸುತ್ತದೆ. ಮೊಳಕೆ ಎರಡು ಬೆರಳು ಬಂದಾಗ ಮನೆಯ ತಂಪಾದ ಕಿಟಕಿಗೆ ತನ್ನಿ. ಹೂ ನಾಲ್ಕು ದಿನ. ಆ ಗೆಡ್ಡೆ ಮತ್ತೆ ಚೇತರಿಸಿಕೊಳ್ಳುವುದಿಲ್ಲ, ಗೊಬ್ಬರದ ಗುಂಡಿಗೆ ಹಾಕಿ.

ನೋಡುವುದು

ಹೂ ಅರಳುವುದಕ್ಕೆ ಶಾಖ ಬೇಕು. ಸುಮಾರು 10–12 ಡಿಗ್ರಿಗಿಂತ ಕೆಳಗೆ ಅದು ಮುಚ್ಚಿಯೇ ಇರುತ್ತದೆ. ಮುಚ್ಚಿದ ಹೂವಿರುವ ಕುಂಡವೊಂದನ್ನು ಅಡುಗೆಮನೆಗೆ ತಂದಿಟ್ಟು ನೋಡಿ: ಮೊದಲು ತುದಿಗಳು ಬಿಡಿಸಿಕೊಳ್ಳುತ್ತವೆ, ಹೊರಗಿನ ಮೂರು ಎಸಳು ಬಾಗುತ್ತವೆ, ಅರ್ಧ ಗಂಟೆಯೊಳಗೆ ಬಟ್ಟಲಾಗುತ್ತದೆ. ಬೆಚ್ಚಗಾದಾಗ ಎಸಳಿನ ಒಳಮೈ ಬೇಗ ಬೆಳೆಯುತ್ತದೆ, ತಣ್ಣಗಾದಾಗ ಹೊರಮೈ. ತೆರೆದು ಮುಚ್ಚಿ ಆಗುವಷ್ಟರಲ್ಲಿ ಎಸಳು ದಿನದಿಂದ ದಿನಕ್ಕೆ ಉದ್ದವಾಗುತ್ತದೆ. ಕಾಡಿನಲ್ಲೂ ಬೆಳಗ್ಗೆ ಏಳಕ್ಕೆ ಹೋಗಿ ಪ್ರಯೋಜನವಿಲ್ಲ, ಬಿಸಿಲಿರುವ ದಿನ ಹನ್ನೊಂದರಿಂದ ಎರಡರವರೆಗೆ ಹೋಗಿ.

ಕೈಯಲ್ಲಿ 10 ಪಟ್ಟು ದೊಡ್ಡದಾಗಿಸುವ ಭೂತಗನ್ನಡಿ, ಸಣ್ಣ ಅಳತೆಪಟ್ಟಿ ಇರಲಿ. ಮೊದಲು ಕೇಸರ, ಅಂದರೆ ತುದಿಯಲ್ಲಿ ಪರಾಗಕೋಶ ಹೊತ್ತ ಗಂಡು ಕಡ್ಡಿಗಳನ್ನು, ಎಣಿಸಿ. ಮೂರಿದ್ದರೆ ಕ್ರೋಕಸ್. ಆರಿದ್ದರೆ ಕಾಲ್ಚಿಕಮ್, ಮೈಯೆಲ್ಲ ವಿಷ. ಕಾಶ್ಮೀರದ ಬೆಟ್ಟಗಳಲ್ಲಿ ಹಿಮ ಕರಗುವ ಅಂಚಿನಲ್ಲಿ ಕಾಣುವ ಹಳದಿ ಹೂವನ್ನು ಕ್ರೋಕಸ್ ಎಂದುಕೊಳ್ಳುವವರು ಬಹಳ ಮಂದಿ. ಅದು ಕಾಲ್ಚಿಕಮ್ ಲ್ಯೂಟಿಯಮ್. ಕ್ರೋಕಸ್ ಎಲೆಯ ನಡುವೆ ಬಿಳಿ ಗೆರೆಯೊಂದು ಎಳೆದಂತಿರುತ್ತದೆ, ಅದೂ ಸಾಕ್ಷಿ. ಆಮೇಲೆ ನಾಲ್ಕು ಚಿತ್ರ ತೆಗೆಯಿರಿ: ಪಕ್ಕದಿಂದ, ಮುಚ್ಚಿದ ಎಸಳಿನ ಹೊರಮೈ, ಮೇಲಿನಿಂದ ಗಂಟಲು, ಎಲೆಯ ಬುಡ. ದಿನಾಂಕ, ಎತ್ತರ, ಇಳಿಜಾರಿನ ದಿಕ್ಕು ಬರೆದಿಡಿ. ಜಾತಿ ಗುರುತಿಗೆ ಗೆಡ್ಡೆಯ ಸಿಪ್ಪೆ ಮುಖ್ಯವೇ, ಆದರೆ ಅದಕ್ಕಾಗಿ ಅಗೆಯಬೇಡಿ. ಮಳೆಗೆ ಕೊಚ್ಚಿದ ಕಾಲುದಾರಿಯ ಅಂಚಿನಲ್ಲಿ ಹಳೆಯ ಸಿಪ್ಪೆ ಸಿಗುತ್ತದೆ. ಲೇವಿಗಾಟಸಿನದು ನುಣುಪು, ಚಿಪ್ಪಿನಷ್ಟು ಗಟ್ಟಿ. ಟಾಮಿಯದು ನಾರಿನ ಬಲೆ.

ನವೆಂಬರಿನ ಗ್ರೀಕ್ ದ್ವೀಪಗಳಲ್ಲಿ ಗೊಂದಲ ಖಂಡಿತ. ಪರಾಗಕೋಶ ಹಳದಿಯಿದ್ದು ಶಲಾಕೆ ಮೂರು ಉದ್ದ ಕೆಂಪು ಎಳೆಗಳಾಗಿದ್ದರೆ ಅದು ಕ್ರೋಕಸ್ ಕಾರ್ಟ್‌ರೈಟಿಯಾನಸ್, ನಮ್ಮ ಕೇಸರಿಯ ಮೂಲ ಗಿಡ. ಅಥೆನ್ಸ್ ಸುತ್ತಲಿನ ಅಟಿಕಾದ ಗಿಡಗಳಿಂದಲೇ ಕೇಸರಿ ಹುಟ್ಟಿತೆಂದು 2019ರಲ್ಲಿ ಡಿಎನ್‌ಎ ಹೋಲಿಕೆಗಳು ತೋರಿಸಿದವು. ಪರಾಗಕೋಶ ಬಿಳಿಯಿದ್ದು ಶಲಾಕೆ ಕಿತ್ತಳೆ ಬಣ್ಣದ ಹಲವು ಕವಲುಗಳಾಗಿದ್ದರೆ ಲೇವಿಗಾಟಸ್ ಇರಬಹುದು, ಕ್ರೋಕಸ್ ತೂರ್ನಫೋರ್ಟಿ ಎಂಬ ಇನ್ನೊಂದು ಜಾತಿಯೂ ಇರಬಹುದು. ಆಗ ಹೊತ್ತು ಮುಳುಗುವವರೆಗೆ ಅಲ್ಲೇ ಕಾಯಿರಿ. ಚಳಿ ಇಳಿದಂತೆ ಲೇವಿಗಾಟಸ್ ಮುಚ್ಚಿಕೊಳ್ಳುತ್ತದೆ. ತೂರ್ನಫೋರ್ಟಿ ರಾತ್ರಿಯಿಡೀ ತೆರೆದೇ ಇರುತ್ತದೆ.