ಬೆಳಿಗ್ಗೆ ತಿರುಗುತ್ತಿದ್ದ ಬಳೆ

ಡ್ರಿಪ್‌ನ ದ್ರವ ರಕ್ತನಾಳದಿಂದ ಹೊರಗೆ ಸೋರುವ ಇನ್ಫಿಲ್ಟ್ರೇಷನ್‌ನ ಲಕ್ಷಣ ಹೇಳು ಎಂದರೆ ನನ್ನ ವಿದ್ಯಾರ್ಥಿನಿ ಒಂದೇ ಉಸಿರಿಗೆ ಆರು ಹೇಳುತ್ತಿದ್ದಳು. ಮೂರನೇ ವರ್ಷದ ಬಿಎಸ್ಸಿ ನರ್ಸಿಂಗ್. ಚುರುಕಾದ ಹುಡುಗಿ. ಅವತ್ತು ಮಧ್ಯಾಹ್ನ 2 ಗಂಟೆಗೆ ತನ್ನ ಪೇಷಂಟ್‌ನ ಚಾರ್ಟ್‌ನಲ್ಲಿ 'ಐವಿ ಸರಿ ಇದೆ' ಎಂದು ಬರೆದಿದ್ದಳು. ಎರಡೂವರೆಗೆ ನಾನು ವಾರ್ಡಿಗೆ ಹೋದಾಗ ಡ್ರಿಪ್ ಹಾಕಿದ್ದ ಆ ಅಜ್ಜಿಯ ಬಲಗೈ ಮೊಣಕೈವರೆಗೂ ಊದಿತ್ತು. ಹಸಿರು ಗಾಜಿನ ಬಳೆಗಳು ಚರ್ಮದಲ್ಲಿ ಹೂತುಹೋಗಿದ್ದವು.

"ಯಾಕವ್ವಾ ಯಾರಿಗೂ ಹೇಳಲಿಲ್ಲ?" ಎಂದೆ.

"ಉರಿಯಾಕತ್ತಿತ್ರಿ ಸಿಸ್ಟರ್. ಔಷಧ ಹತ್ತಾಕತ್ತೈತಿ ಅಂತ ಸುಮ್ನಿದ್ದೆ" ಎಂದರು.

ಬಾಟಲಿಯಲ್ಲಿ ಇದ್ದದ್ದು ಬರೀ ನಾರ್ಮಲ್ ಸಲೈನ್. ಹಾಗಾಗಿ ಮಾರನೇ ದಿನ ಬಾವು ಇಳಿಯಿತು. ಅದೇ ಪೊಟ್ಯಾಶಿಯಂ ಇದ್ದಿದ್ದರೆ, ರಕ್ತದೊತ್ತಡ ಏರಿಸುವ ನಾರ್ ಅಡ್ರಿನಲಿನ್ ಇದ್ದಿದ್ದರೆ? ಅಂಥ ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮವೇ ಸಾಯಬಹುದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹುಡುಗಿಯ ಮೇಲೆ ಸಿಟ್ಟಿರಲಿಲ್ಲ. ಅವಳು 2 ಗಂಟೆಗೆ ನಿಜವಾಗಿಯೂ ಹೋಗಿ ನೋಡಿದ್ದಳು. ನೋಡಿದ್ದಷ್ಟೇ, ಮುಟ್ಟಿರಲಿಲ್ಲ. ಹಾಗೆ ಕಲಿಸಿದವರು ನಾವೇ ಅಲ್ವಾ?

ನಮ್ಮ ಪುಸ್ತಕಗಳ ಚಿತ್ರಗಳನ್ನು ನೆನಪಿಸಿಕೊಳ್ಳಿ. ಫ್ಲೆಬೈಟಿಸ್, ಅಂದರೆ ರಕ್ತನಾಳದ ಉರಿಯೂತ, ಎಂದರೆ ಬಿಳಿ ಕೈ ಮೇಲೆ ಎದ್ದು ಕಾಣುವ ಕೆಂಪು ಗೆರೆ. ನಮ್ಮ ವಾರ್ಡಿನಲ್ಲಿ ಹೊಲದಲ್ಲಿ ದುಡಿದು ಕಪ್ಪಾದ ಕೈಗಳು. ಅಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಸುತ್ತಲಿನ ಬಣ್ಣಕ್ಕಿಂತ ಸ್ವಲ್ಪ ಗಾಢವಾಗಿ, ಕೆಲವೊಮ್ಮೆ ನೇರಳೆ ಛಾಯೆಯಲ್ಲಿ ಕಾಣುತ್ತದೆ. ಕೆಂಪಿಗಾಗಿ ಕಾಯುತ್ತಾ ಕೂತವರಿಗೆ ಅದು ತಪ್ಪಿಹೋಗುತ್ತದೆ. ಅದು ಸಾಲದೆಂಬಂತೆ, ಡ್ರಿಪ್‌ಗಾಗಿ ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ, ಕ್ಯಾನುಲಾ, ಅಲುಗಾಡದಿರಲಿ ಎಂದು ಸುತ್ತಲೂ ಪ್ಲಾಸ್ಟರ್ ಸುತ್ತಿಬಿಡುತ್ತೇವೆ. ಸೂಜಿ ಒಳಗೆ ಹೋದ ಜಾಗವೇ ಮುಚ್ಚಿಹೋಗುತ್ತದೆ.

ಹಾಗಾಗಿ ಮೊದಲು ಬೆರಳಿಗೆ ಕಲಿಸಬೇಕು ಎಂದುಕೊಂಡೆ.

ನಮ್ಮ ಸ್ಕಿಲ್ ಲ್ಯಾಬ್‌ನಲ್ಲಿ ಇದ್ದದ್ದು ಇಂಜೆಕ್ಷನ್ ಅಭ್ಯಾಸ ಮಾಡುವ ಒಂದು ಹಳೆಯ ರಬ್ಬರ್ ಕೈ. 2021ರ ಹೊಸ ಪಠ್ಯಕ್ರಮದಲ್ಲಿ ಸಿಮ್ಯುಲೇಷನ್‌ಗೆ, ಅಂದರೆ ನಕಲು ಸನ್ನಿವೇಶದಲ್ಲಿ ಮಾಡುವ ಅಭ್ಯಾಸಕ್ಕೆ, ಒಳ್ಳೆಯ ಜಾಗ ಕೊಟ್ಟಿದ್ದಾರೆ, ಸಂತೋಷ. ಆದರೆ ಊದುವ, ಬಿಸಿಯಾಗುವ ಕೈಯನ್ನು ನಾವೇ ಮಾಡಿಕೊಳ್ಳಬೇಕಾಯಿತು. ಸರ್ಜಿಕಲ್ ಗ್ಲೌಸ್‌ನ ಒಂದು ಬೆರಳು ಕತ್ತರಿಸಿದೆ. ಅದರ ಬಾಯಿಗೆ ಎಕ್ಸ್‌ಟೆನ್ಷನ್ ಲೈನ್ ಎಂಬ ತೆಳು ಪೈಪ್ ಇಟ್ಟು ದಾರದಿಂದ ಬಿಗಿಯಾಗಿ ಕಟ್ಟಿದೆ. ಅದನ್ನು ರಬ್ಬರ್ ಕೈ ಮೇಲಿಟ್ಟು ತೆಳ್ಳನೆಯ ಸ್ಪಂಜು ಹೊದಿಸಿ, ಮೇಲೆ ಕಂದು ಬಣ್ಣದ ಕಾಲುಚೀಲ ಎಳೆದೆ. ಲೈನ್‌ನ ಇನ್ನೊಂದು ತುದಿ ಮಂಚದ ಕೆಳಗೆ, 20 ಎಂಎಲ್ ಸಿರಿಂಜ್‌ಗೆ. ನಾನು ಕೆಳಗೆ ಸಿರಿಂಜ್ ಒತ್ತಿದರೆ ಮೇಲೆ ಕೈ ನಿಧಾನಕ್ಕೆ ಊದುತ್ತದೆ. ಫ್ರಿಜ್ ನೀರು ತುಂಬಿದರೆ ತಣ್ಣಗಿನ ಬಾವು, ಅದು ಇನ್ಫಿಲ್ಟ್ರೇಷನ್. ಉಗುರು ಬೆಚ್ಚಗಿನ ನೀರು ತುಂಬಿದರೆ ಫ್ಲೆಬೈಟಿಸ್‌ನ ಬಿಸಿ. ಸ್ಪಂಜಿನ ಕೆಳಗೆ ಮಗುವಿನ ಫೀಡಿಂಗ್ ಟ್ಯೂಬ್‌ನ ತುಂಡು ಇಟ್ಟರೆ ದಾರದ ಹಾಗೆ ಗಟ್ಟಿಯಾದ ರಕ್ತನಾಳ ಕೈಗೆ ಸಿಗುತ್ತದೆ.

ಆಮೇಲೆ ಆ ಕೈಗೆ ನಾಲ್ಕು ಗಾಜಿನ ಬಳೆ ತೊಡಿಸಿದೆ. ಇದು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಆ ಅಜ್ಜಿಯಿಂದ ಕಲಿತದ್ದು. ಡ್ರಿಪ್ ಹಾಕಿದ ಕೈಯಲ್ಲಿ ಬಳೆ ತೆಗೆಯಲು ಒಪ್ಪದವರು ನಮ್ಮಲ್ಲಿ ಬಹಳ ಜನ. ಹಾಗಿದ್ದರೆ ಅದನ್ನೇ ಅಳತೆ ಮಾಡಿಕೊಳ್ಳಿ ಎನ್ನುತ್ತೇನೆ. ಬೆಳಿಗ್ಗೆ ಸಲೀಸಾಗಿ ತಿರುಗುತ್ತಿದ್ದ ಬಳೆ ಮಧ್ಯಾಹ್ನ ತಿರುಗದಿದ್ದರೆ ಡ್ರಿಪ್ ನಿಲ್ಲಿಸಿ.

ಅತಿ ಹೆಚ್ಚು ಕಲಿಸಿದ್ದು ಒಂದು ಕ್ಷಣ. ಡ್ರಿಪ್ ನಿಧಾನವಾಗಿದೆ ಎಂದು ಒಬ್ಬ ಹುಡುಗ ಗಮನಿಸಿದ. "ಫ್ಲಶ್ ಮಾಡಿ ನೋಡ್ತೀನಿ ಮೇಡಂ" ಎಂದು ಸಲೈನ್ ಒತ್ತಿ ಬಿಡಲು ಸಿರಿಂಜ್ ಕೈಗೆತ್ತಿಕೊಂಡ. ವಾರ್ಡಿನಲ್ಲಿ ಎಲ್ಲರೂ ಮಾಡುವುದೇ ಅದು. ಅವನು ಮೇಲೆ ಒತ್ತುತ್ತಿದ್ದಂತೆ ನಾನು ಕೆಳಗೆ ಒತ್ತಿದೆ. ಅವನ ಕಣ್ಣೆದುರೇ ಕೈ ಉಬ್ಬಿತು. ಪಕ್ಕದಲ್ಲಿ ಪೇಷಂಟ್ ಆಗಿ ಮಲಗಿದ್ದ ಹುಡುಗಿ "ಅಯ್ಯೋ, ಉರಿ ಉರಿ" ಎಂದು ಕೂಗಿದಳು. ಅವನ ಕೈ ಅಲ್ಲೇ ನಿಂತಿತು. ಇಡೀ ಕ್ಲಾಸ್ ಸ್ತಬ್ಧ. ಒತ್ತಿದ ಪ್ರತಿ ಎಂಎಲ್ ಎಲ್ಲಿಗೆ ಹೋಯಿತು ಎಂದು ಯಾರಿಗೂ ಬೇರೆ ಹೇಳಬೇಕಾಗಲಿಲ್ಲ.

ಅಲ್ಲಿಂದ ಕ್ರಮ ಹೇಳಿಕೊಡುವುದು ಸುಲಭವಾಯಿತು. ಮೊದಲು ಡ್ರಿಪ್ ನಿಲ್ಲಿಸು. ಹೋಗುತ್ತಿದ್ದ ಔಷಧಿ ಯಾವುದು ನೋಡು. ಚರ್ಮ ಸುಡುವಂಥದ್ದಾದರೆ ಕ್ಯಾನುಲಾ ತಕ್ಷಣ ಕೀಳಬೇಡ. ಸೆಟ್ ಬಿಚ್ಚಿ, ಸಣ್ಣ ಸಿರಿಂಜ್ ಹಾಕಿ ಒಳಗೆ ಉಳಿದ ಔಷಧಿ ಎಷ್ಟು ಬರುತ್ತೋ ಅಷ್ಟು ಎಳೆದುಕೋ, ಆಮೇಲೆ ತೆಗೆ. ಬಾವಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆ. ಕೈ ಎತ್ತರಕ್ಕೆ ಇಡು, ಡಾಕ್ಟರಿಗೆ ಹೇಳು. ಬಿಸಿ ಶಾಖವೋ ತಣ್ಣನೆಯದೋ ಎಂಬುದು ಔಷಧಿಯ ಮೇಲೆ ಹೋಗುತ್ತದೆ, ಕೇಳದೆ ಕೊಡಬೇಡ. ಬಾಟಲಿ ಕೆಳಗಿಳಿಸಿ ರಕ್ತ ವಾಪಸ್ ಬಂತು ಅಂತ ಧೈರ್ಯ ತಂದುಕೊಳ್ಳುವವರಿದ್ದಾರೆ. ರಕ್ತ ಬಂದರೂ ಪಕ್ಕದಲ್ಲಿ ಸೋರುತ್ತಿರಬಹುದು.

ರಬ್ಬರ್ ಕೈಯ ಜೊತೆಗೆ ಪೇಷಂಟ್‌ಗಳ ಕೈಯ ವಿಡಿಯೋ ತೆಗೆಯಲೂ ಶುರು ಮಾಡಿದೆ, ಅದು ಬೇರೆ ಕಾರಣಕ್ಕೆ. ಫ್ಲೆಬೈಟಿಸ್ ಒಂದು ಗಂಟೆಯಲ್ಲಿ ಆಗುವುದಲ್ಲ. ವಿದ್ಯಾರ್ಥಿ ತನ್ನ ಶಿಫ್ಟ್‌ನಲ್ಲಿ ಒಂದು ತುಣುಕು ಮಾತ್ರ ನೋಡುತ್ತಾನೆ. ಆಸ್ಪತ್ರೆಯ ಅನುಮತಿ ಪಡೆದೆ. ಪೇಷಂಟ್‌ಗಳಿಗೆ ಅವರ ಮಾತಿನಲ್ಲೇ ತಿಳಿಸಿ, ಒಪ್ಪಿದವರ ಸಹಿ ತೆಗೆದುಕೊಂಡೆ. ಮುಖ ಬೇಡ, ಹೆಸರು ಬೇಡ, ಕೈ ಮಾತ್ರ. ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8. ಕಿಟಕಿ ಬೆಳಕು ಇದ್ದಾಗ ಅದರಲ್ಲೇ. ಪ್ರತಿ ಸಲ ಎರಡೂ ಕೈ ಅಕ್ಕಪಕ್ಕ ಇಟ್ಟು, ಮೊಬೈಲ್‌ನಲ್ಲಿ ಅರ್ಧ ನಿಮಿಷ. ಅಂಥ ತುಣುಕುಗಳನ್ನು ಜೋಡಿಸಿದಾಗ ಎರಡು ದಿನದ ಕಥೆ ಮೂರು ನಿಮಿಷಕ್ಕೆ ಬಂತು.

ಮೊದಲ ಸಲ ತಪ್ಪು ಮಾಡಿದೆ. ತೋರಿಸಿದ ಎಲ್ಲಾ ವಿಡಿಯೋದಲ್ಲೂ ಏನೋ ಒಂದು ತೊಂದರೆ ಇತ್ತು. ಮೂರನೆಯದಕ್ಕೆ ಬರುವಷ್ಟರಲ್ಲಿ ಹುಡುಗರು ಕೈ ನೋಡುವುದನ್ನೇ ಬಿಟ್ಟು ಹೆಸರು ಊಹಿಸತೊಡಗಿದರು. ಈಗ ಅರ್ಧದಷ್ಟು ಆರೋಗ್ಯವಾಗಿರುವ ಕೈಗಳೇ. ಕೆಲವದರಲ್ಲಿ ಡ್ರಿಪ್ ನಿಂತದ್ದು ಮೊಣಕೈ ಮಡಚಿದ್ದರಿಂದ, ಕೆಲವದರಲ್ಲಿ ಪೈಪ್ ಮೈಕೆಳಗೆ ಸಿಕ್ಕಿದ್ದರಿಂದ. 'ಇಲ್ಲಿ ಏನೂ ಆಗಿಲ್ಲ' ಎಂದು ಖಚಿತವಾಗಿ ಹೇಳುವುದೂ ದೊಡ್ಡ ಕಲಿಕೆ. ವಿಡಿಯೋ ನಿಲ್ಲಿಸಿ, ಎಲ್ಲರೂ ಮೊದಲು ಚೀಟಿಯಲ್ಲಿ ಸ್ಕೋರ್ ಬರೆಯಬೇಕು. ಆಮೇಲೆ ಮಾತು. ಇಲ್ಲದಿದ್ದರೆ ಜೋರು ದನಿಯವನ ಉತ್ತರವೇ ಕ್ಲಾಸಿನ ಉತ್ತರವಾಗುತ್ತದೆ.

ಸ್ಕೋರ್ ಎಂದರೆ ವಿಐಪಿ (ವಿಷುವಲ್ ಇನ್ಫ್ಯೂಷನ್ ಫ್ಲೆಬೈಟಿಸ್) ಸ್ಕೋರ್, ಫ್ಲೆಬೈಟಿಸ್ ಎಷ್ಟಾಗಿದೆ ಎಂದು ಅಳೆಯುವ ಅಂಕ. ಬ್ರಿಟನ್ನಿನ ನರ್ಸ್ ಆಂಡ್ರ್ಯೂ ಜಾಕ್ಸನ್ 1998ರಲ್ಲಿ ಪ್ರಕಟಿಸಿದ್ದು, 0ಯಿಂದ 5ರವರೆಗೆ. ನಾನು ಒತ್ತಿ ಹೇಳುವುದು 1 ಮತ್ತು 2ರ ನಡುವಿನ ಗೆರೆಯನ್ನು. ನೋವೋ ಕೆಂಪೋ ಸ್ವಲ್ಪ, ಒಂದೇ ಇದ್ದರೆ 1, ಗಮನವಿಟ್ಟು ನೋಡುತ್ತಿರು. ನೋವು, ಕೆಂಪು, ಬಾವು ಇವುಗಳಲ್ಲಿ ಎರಡು ಸೇರಿದರೆ 2, ಕ್ಯಾನುಲಾ ಬದಲಿಸು. ರಕ್ತನಾಳ ದಾರದಂತೆ ಕೈಗೆ ಸಿಗುವುದು 4ಕ್ಕೆ. ಅಲ್ಲಿವರೆಗೆ ಕಾದರೆ ನಾವು ತಡ ಮಾಡಿದ್ದೇವೆ ಎಂದೇ ಅರ್ಥ. ಕನಿಷ್ಠ 4 ಗಂಟೆಗೊಮ್ಮೆ, ಮಕ್ಕಳಿಗಾದರೆ ಗಂಟೆಗೊಮ್ಮೆ ಮುಟ್ಟಿ ನೋಡಲೇಬೇಕು.

ನಾನು ತೀರಾ ತಡವಾಗಿ ಕಂಡುಕೊಂಡ ಒಂದು ಕೊರತೆ ಇತ್ತು. ಕೇರಳದಿಂದ, ಮಣಿಪುರದಿಂದ ಬಂದು ನಮ್ಮಲ್ಲಿ ಓದುವ ಮಕ್ಕಳು ಬಹಳ. ಅವರ ಬೆರಳು ಕಲಿಯಿತು, ಕಣ್ಣು ಕಲಿಯಿತು, ಪೇಷಂಟ್ ಹೇಳಿದ್ದು ಮಾತ್ರ ಅರ್ಥವಾಗುತ್ತಿರಲಿಲ್ಲ. 'ಪೇನ್ ಇದೆಯಾ?' ಎಂದು ಕೇಳಿದರೆ ನಮ್ಮ ಅಜ್ಜಿಯರು ಇಲ್ಲ ಎನ್ನುತ್ತಾರೆ. ಯಾಕೆಂದರೆ ಅವರಿಗೆ ಆಗುತ್ತಿರುವುದು ಉರಿ, ಅಥವಾ ಬಿಗಿತ, ಅಥವಾ ಜೋಮು. ಅದು ಅವರ ಲೆಕ್ಕದಲ್ಲಿ ನೋವಲ್ಲ. ಹಾಗಾಗಿ ಸಿಮ್ಯುಲೇಷನ್‌ನಲ್ಲಿ ಪೇಷಂಟ್ ಆಗುವವರು ಈಗ 'ನೋವು' ಎಂಬ ಮಾತು ಬಳಸುವಂತಿಲ್ಲ. "ಕೈ ಭಾರ ಆಗೈತಿ", "ಚುರು ಚುರು ಅಂತೈತಿ", "ಒಳಗ ತಣ್ಣಗ ಹರದಂಗ ಆಗತೈತಿ" ಎನ್ನಬೇಕು. ಡ್ರಿಪ್ ಹಾಕಿದ ಕೂಡಲೇ ಪೇಷಂಟ್‌ಗೂ ಜೊತೆಗಿದ್ದವರಿಗೂ ಒಂದು ಮಾತು ಹೇಳುವ ಅಭ್ಯಾಸವನ್ನೂ ಸೇರಿಸಿದೆ: "ಉರಿದರೆ ಔಷಧಿ ಹತ್ತುತ್ತಿದೆ ಅಂದುಕೋಬೇಡಿ, ನಮ್ಮನ್ನು ಕೂಗಿ."

ಲ್ಯಾಬ್‌ನ ಗೋಡೆಗೆ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ. ವಾರ್ಡಿನಲ್ಲಿ ಪೇಷಂಟ್ ಹೇಳಿದ ಹೊಸ ಮಾತು ಕೇಳಿದವರು ಅದರಲ್ಲಿ ಬರೆಯಬೇಕು, ಪಕ್ಕದಲ್ಲಿ ಕೈ ಮುಟ್ಟಿದಾಗ ಏನು ಸಿಕ್ಕಿತು ಎಂದೂ ಬರೆಯಬೇಕು. ಹೋದ ವಾರ ಇಂಫಾಲದ ಹುಡುಗಿಯೊಬ್ಬಳು ಗುಂಡು ಗುಂಡಾದ ಕನ್ನಡ ಅಕ್ಷರದಲ್ಲಿ ಬರೆದಿದ್ದಾಳೆ: 'ಬಳಿ ಬಿಗಿ ಆಗ್ಯಾವ. ಮುಟ್ಟಿದೆ. ತಣ್ಣಗೆ, ಬಿಗಿ. ಡ್ರಿಪ್ ನಿಲ್ಲಿಸಿದೆ, 11.40.'