ಸಂತಾನೋತ್ಪತ್ತಿಯ ಕೃತಕ ಹಾರ್ಮೋನು ಕೊಟ್ಟ ಇಲಿಗಳಲ್ಲಿ ಅಡ್ರಿನಲ್ ಗ್ರಂಥಿಯನ್ನು ಪರೀಕ್ಷಿಸುವ ಬಗೆ

ಸ್ತ್ರೀ ಹಾರ್ಮೋನುಗಳಾದ ಕೃತಕ ಈಸ್ಟ್ರೋಜನ್ ಮತ್ತು ಕೃತಕ ಪ್ರೊಜೆಸ್ಟೋಜನ್‌ಗಳು ಒತ್ತಡದ ಹಾರ್ಮೋನನ್ನು ಸ್ರವಿಸುವ ಅಡ್ರಿನಲ್ ಗ್ರಂಥಿಯ ಮೇಲೆ ಒಂದೇ ಬಗೆಯ ಪರಿಣಾಮ ಬೀರುವುದಿಲ್ಲ ಎಂಬುದನ್ನು ಪ್ರಯೋಗದ ಯೋಜನೆಗೆ ಮೊದಲೇ ಮನಗಾಣಬೇಕು. ಎಥಿನೈಲ್ ಈಸ್ಟ್ರಡಿಯಾಲ್‌ನಂಥ ಈಸ್ಟ್ರೋಜನ್ ಇಲಿಗಳಲ್ಲಿ ಸಾಮಾನ್ಯವಾಗಿ ಗ್ರಂಥಿಯ ತೂಕವನ್ನು ಹೆಚ್ಚಿಸುತ್ತದೆ. ಗರ್ಭನಿರೋಧಕ ಚುಚ್ಚುಮದ್ದಿನಲ್ಲಿರುವ ಪ್ರೊಜೆಸ್ಟೋಜನ್ ಆದ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಅಸಿಟೇಟ್ (ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರಾ’ ಎಂದು ಕೊಡುವುದು ಇದನ್ನೇ) ಒತ್ತಡದ ಹಾರ್ಮೋನುಗಳಿಗೆಂದಿರುವ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕಗಳಿಗೂ ಅಂಟಿಕೊಳ್ಳುವುದರಿಂದ, ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ, ಅಡ್ರಿನಲ್ ಗ್ರಂಥಿಯನ್ನು ದುಡಿಸುವ ಪಿಟ್ಯುಟರಿಯ ಎಸಿಟಿಎಚ್ ಹಾರ್ಮೋನಿನ ಸ್ರಾವವನ್ನು ತಗ್ಗಿಸಿ ಗ್ರಂಥಿಯನ್ನು ಕುಗ್ಗಿಸುತ್ತದೆ. ಆದ್ದರಿಂದ ಎರಡೂ ಸೇರಿದ ಮಿಶ್ರಣವನ್ನು ಪರೀಕ್ಷಿಸುವವರು ಪ್ರತಿಯೊಂದಕ್ಕೂ ಬೇರೆ ಗುಂಪು ಇಡಲೇಬೇಕು. ಇಲ್ಲದಿದ್ದರೆ ಏರಿಕೆ ಇಳಿಕೆಗಳು ಒಂದನ್ನೊಂದು ಮರೆಮಾಡಬಹುದು.

ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ ದೊರೆತ ಮೇಲೆ, ನಿಯಂತ್ರಣ ಗುಂಪಿಗೆ ಔಷಧ ಬೆರೆಸುವ ಎಣ್ಣೆ ಅಥವಾ ದ್ರಾವಣವನ್ನಷ್ಟೇ ಅದೇ ವೇಳೆಗೆ, ಅದೇ ಮಾರ್ಗದಲ್ಲಿ ಕೊಡಿ. ಹೆಣ್ಣಿಲಿಯ ಗ್ರಂಥಿ ಗಂಡಿನದಕ್ಕಿಂತ ಭಾರ. ಅವುಗಳ ಋತುಚಕ್ರ 4–5 ದಿನಗಳದ್ದಾದ್ದರಿಂದ ಯೋನಿಯಿಂದ ತೆಗೆದ ಕೋಶಗಳ ಲೇಪದ (ಸ್ಮಿಯರ್) ಪರೀಕ್ಷೆಯಿಂದ ಹಂತವನ್ನು ಗುರುತಿಸಿ ಬರೆದಿಡಬೇಕು.

ಹೆಚ್ಚಿನ ಎಚ್ಚರ ಬೇಕಾದದ್ದು ರಕ್ತ ತೆಗೆಯುವಾಗ. ಪಂಜರ ಮುಟ್ಟಿದ ಸುಮಾರು 3 ನಿಮಿಷದೊಳಗೆ ರಕ್ತ ಸಂಗ್ರಹವಾಗದಿದ್ದರೆ, ಅಳೆಯುವುದು ಔಷಧದ ಪರಿಣಾಮವನ್ನಲ್ಲ, ಪ್ರಾಣಿಯ ಹೆದರಿಕೆಯನ್ನು. ಇಲಿ ರಾತ್ರಿ ಚುರುಕಾಗಿರುವ ಪ್ರಾಣಿ. ಅದರ ಒತ್ತಡದ ಹಾರ್ಮೋನು ಬೆಳಿಗ್ಗೆ ಕಡಿಮೆಯಿದ್ದು ಕತ್ತಲಾಗುವ ಹೊತ್ತಿಗೆ ಏರುವುದರಿಂದ ಎಲ್ಲ ಗುಂಪುಗಳಿಗೂ ಒಂದೇ ಸಮಯ ಇರಲಿ. ಇಲಿಯಲ್ಲಿ ಅಳೆಯಬೇಕಾದ ಒತ್ತಡದ ಹಾರ್ಮೋನು ಕಾರ್ಟಿಕೋಸ್ಟೆರಾನ್, ಮನುಷ್ಯರಲ್ಲಿ ಮುಖ್ಯವಾದ ಕಾರ್ಟಿಸಾಲ್ ಅಲ್ಲ. ಈಸ್ಟ್ರೋಜನ್ ಈ ಹಾರ್ಮೋನನ್ನು ಹಿಡಿದಿಡುವ ರಕ್ತದ ಪ್ರೋಟೀನನ್ನೂ ಹೆಚ್ಚಿಸುತ್ತದೆ. ಹಾಗಾಗಿ ಒಟ್ಟು ಮಟ್ಟ ಏರಿದ ಮಾತ್ರಕ್ಕೆ ಗ್ರಂಥಿ ಅತಿಯಾಗಿ ದುಡಿಯುತ್ತಿದೆ ಎನ್ನಲಾಗದು.

ಮೂತ್ರಪಿಂಡದ ಮೇಲ್ತುದಿಯ ಕೊಬ್ಬಿನಲ್ಲಿ ಹುದುಗಿರುವ ಗ್ರಂಥಿ ಹುರುಳಿಕಾಳಿನಷ್ಟು ಚಿಕ್ಕದು. ಅದನ್ನು ಸುತ್ತಲಿನ ಕೊಬ್ಬಿನ ಸಮೇತ ತೆಗೆದು, ಒದ್ದೆ ಸೋಸುಕಾಗದದ ಮೇಲಿಟ್ಟು, ಭೂತಗನ್ನಡಿಯಡಿ ಕೊಬ್ಬನ್ನು ಬಿಡಿಸಬೇಕು. ಇಷ್ಟು ಹಗುರವಾದ ಅಂಗಕ್ಕೆ ಅಂಟಿದ ಚೂರು ಕೊಬ್ಬೂ ಲೆಕ್ಕ ಕೆಡಿಸೀತು. ತೂಗುವಷ್ಟರಲ್ಲಿ ಒಣಗಿದರೂ ಅಷ್ಟೇ.

ತೂಕವೊಂದನ್ನೇ ನಂಬಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಒಳಗಿನ ತಿರುಳು (ಮೆಡುಲ್ಲಾ) ಕಾಣುವಂತೆ ಗ್ರಂಥಿಯ ನಡುಭಾಗದಲ್ಲೇ ತೆಳುವಾದ ಸೀಳಿಕೆ ತೆಗೆದು ಹೊರ ತೊಗಟೆಯ (ಕಾರ್ಟೆಕ್ಸ್) ಪದರಗಳನ್ನು ಬೇರೆಬೇರೆಯಾಗಿ ಅಳೆಯಿರಿ. ಎಸಿಟಿಎಚ್ ತಗ್ಗಿದಾಗ ಒಳಗಿನ ಫ್ಯಾಸಿಕ್ಯುಲೇಟಾ ಮತ್ತು ರೆಟಿಕ್ಯುಲಾರಿಸ್ ಪದರಗಳು ತೆಳುವಾಗುತ್ತವೆ. ಹೊರಗಿನ ಗ್ಲೊಮೆರುಲೋಸಾ ಮುಖ್ಯವಾಗಿ ರಕ್ತದೊತ್ತಡ ಏರಿಸುವ ಆಂಜಿಯೋಟೆನ್ಸಿನ್ ಮತ್ತು ಪೊಟ್ಯಾಸಿಯಂಗಳ ಹತೋಟಿಯಲ್ಲಿರುವುದರಿಂದ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಕೋಶಗಳ ಕೊಬ್ಬನ್ನು ನೋಡಬೇಕಿದ್ದರೆ ಹೆಪ್ಪುಗಟ್ಟಿಸಿದ ಸೀಳಿಕೆಯೇ ಬೇಕು, ಏಕೆಂದರೆ ಅಂಗವನ್ನು ಮೇಣದಲ್ಲಿ ಹುದುಗಿಸುವ ಪ್ಯಾರಾಫಿನ್ ವಿಧಾನದಲ್ಲಿ ಬಳಸುವ ಆಲ್ಕೊಹಾಲ್ ಮತ್ತು ಜೈಲೀನ್ ಅದನ್ನು ಕರಗಿಸಿಬಿಡುತ್ತವೆ.

ವರದಿಯಲ್ಲಿ ಗ್ರಂಥಿಯ ನೇರ ತೂಕವನ್ನೂ ದೇಹದ ತೂಕಕ್ಕೆ ಅದರ ಅನುಪಾತವನ್ನೂ ಕೊಡಿ. ಈಸ್ಟ್ರೋಜನ್ ಇಲಿಯ ಮೇವನ್ನೂ ಮೈತೂಕವನ್ನೂ ತಗ್ಗಿಸುವುದರಿಂದ, ಬರೀ ಅನುಪಾತ ನೋಡಿದವರಿಗೆ ಬೆಳೆಯದ ಗ್ರಂಥಿಯೂ ಬೆಳೆದಂತೆ ಕಾಣುತ್ತದೆ.